ಕಂಬದ ಮೇಲಿನ ನೀಲಕ್ಕ

ನಮ್ಮೂರಿನಲ್ಲಿ ಯುಗಾದಿ ಬಂತೆಂದರೆ ಪ್ರತಿ ಮನೆಯಲ್ಲೂ ಒಂದೆರಡು ವಸ್ತುಗಳು ಸುಮ್ಮನಾಗುತ್ತವೆ. ಅಲ್ಲಿಯವರೆಗೆ ನಡೆಯುತ್ತಿದ್ದವುಗಳಲ್ಲಿ ತೀರ ಈಚಿನ ವರ್ಷದಲ್ಲಿ ತಯಾರಾದದ್ದು ಯಾವುದೋ, ಅದು ಹಬ್ಬದ ಬೆಳಿಗ್ಗೆ ಏಳುವುದಿಲ್ಲ. ಕೆಟ್ಟಿರುವುದಿಲ್ಲ, ಊರ ಗಡಿಯ ಹುಣಸೆಮರ ದಾಟಿಸಿದರೆ ಮತ್ತೆ ನಡೆಯುತ್ತದೆ. ಮುಂದಿನ ಯುಗಾದಿಗೆ ಅದಕ್ಕಿಂತ ಒಂದು ವರ್ಷ ಹಳೆಯದರ ಸರದಿ. ನನಗೆ ಬುದ್ಧಿ ಬಂದಾಗಿನಿಂದ ಹೀಗೇ ಇದೆ. ಜನ ಬೇವುಬೆಲ್ಲ ತಿಂದು, ಸುಮ್ಮನಾದದ್ದನ್ನು ಒರೆಸಿ ಅಟ್ಟಕ್ಕೆ ಹಾಕುತ್ತಾರೆ. ಅಟ್ಟದಿಂದ ಇನ್ನೂ ಹಳೆಯದೊಂದನ್ನು ಕೆಳಗಿಳಿಸುತ್ತಾರೆ. ಮೊಬೈಲ್ ಫೋನುಗಳು ಸುಮ್ಮನಾದ ವರ್ಷ ಒಂದಿಷ್ಟು ಗೊಣಗಾಟ ಇತ್ತು. ಆಮೇಲೆ ಮಾತಾಡಬೇಕೆನಿಸಿದವರು ಎದ್ದು ಹೋಗಿ ಬಾಗಿಲು ತಟ್ಟುವುದನ್ನು ಕಲಿತರು. ಈಗ ಹೆಣ್ಣು ಕೇಳಲು ಬಂದವರು ಹುಡುಗಿಯ ಓದಿನ ವಿಷಯಕ್ಕಿಂತ ಮೊದಲು ಅಟ್ಟದ ಕಡೆ ಕಣ್ಣು ಹಾಯಿಸುತ್ತಾರೆ.

ನಾನು ಪುರಸಭೆಯ ಕಂಪ್ಯೂಟರ್ ಕೋಣೆಯವಳು. ನೀರಿನ ವಾಲ್ವುಗಳು, ಆಸ್ಪತ್ರೆಯ ಪರೀಕ್ಷಾ ಕೋಣೆ, ವಿದ್ಯುತ್ ಕಚೇರಿ, ಎಲ್ಲದರ ಹಿಂದೆಯೂ ಒಂದೊಂದು ವರ್ಕ್‌ಸ್ಟೇಷನ್ ಕೂತಿದೆ. ಹಬ್ಬದ ಮುಂಚೆ ಅವುಗಳ ಜಾಗಕ್ಕೆ ಒಂದು ವರ್ಷ ಹಳೆಯ ಯಂತ್ರ ತಂದು, ಅದೇ ಕೆಲಸವನ್ನು ಅದಕ್ಕೆ ಕಲಿಸುವುದು ನನ್ನ ಉದ್ಯೋಗ. ಮನುಷ್ಯರು ಬರೆದ ಪ್ರೋಗ್ರಾಮು ಯಂತ್ರಕ್ಕೆ ನೇರವಾಗಿ ತಿಳಿಯುವುದಿಲ್ಲ. ಅದನ್ನು ಯಂತ್ರದ ಭಾಷೆಗೆ ಇಳಿಸಿಕೊಡುವುದು ಕಂಪೈಲರ್. ಆ ಕಂಪೈಲರ್ ಯಂತ್ರದಲ್ಲಿರುವ ಆಪರೇಟಿಂಗ್ ಸಿಸ್ಟಂನ ಬಿಡುಗಡೆಗೆ, ಎಂದರೆ ಅದು ಎಷ್ಟನೆಯ ಆವೃತ್ತಿಯೋ ಅದಕ್ಕೆ, ಹೊಂದಬೇಕು. ಮುಂದಿನ ಬಿಡುಗಡೆಯದನ್ನು ತಂದು ಹಿಂದಿನದರ ಮೇಲೆ ಹಾಕಿದರೆ ಎಷ್ಟೋ ಸಲ ಅದು ಏಳುವುದೇ ಇಲ್ಲ. ಏಳದಿದ್ದರೆ ಚಿಂತೆಯಿಲ್ಲ. ಎದ್ದು, ಚಕಾರವೆತ್ತದೆ ಕೆಲಸ ಮುಗಿಸಿ, ತಪ್ಪನ್ನು ಸರಿಯೆಂಬಂತೆ ಕೈಗಿಡುವುದೂ ಉಂಟು. ಭಯಪಡಬೇಕಾದ್ದು ಅದಕ್ಕೆ. ಬರಹಕ್ಕೆ ಮಾತ್ರ ಯುಗಾದಿಯ ಕಾಟವಿಲ್ಲ. ಬರೆದಿಟ್ಟ ಪ್ರೋಗ್ರಾಮು ಹಾಗೇ ಉಳಿಯುತ್ತದೆ. ವರ್ಷವರ್ಷವೂ ಅದನ್ನು ಇನ್ನಷ್ಟು ಹಳೆಯ ಕಿವಿಗೆ ಒಪ್ಪಿಸಬೇಕು, ಅಷ್ಟೆ.

ಈ ಕೆಲಸ ನನಗೆ ಕಲಿಸಿದ್ದು ನನ್ನ ಅಣ್ಣ ಪಂಚಾಕ್ಷರಿ. ಅವನ ಹೆಂಡತಿ ನೀಲಾಂಬಿಕೆ, ನನ್ನ ಅತ್ತಿಗೆ. ಊರಿಗೆ ಅವಳು ನೀಲಕ್ಕ. ಪುರಸಭೆಯ ಮುಂಕೋಣೆಯಲ್ಲಿ ಒಂದು ಮೈಕು ಇದೆ, ಸರ್ಕಲ್ಲು ಸರ್ಕಲ್ಲಿಗೂ ಕಂಬದ ಮೇಲೆ ಧ್ವನಿವರ್ಧಕಗಳಿವೆ. ಯಾವ ಕೇರಿಗೆ ಯಾವಾಗ ನೀರು, ಸಂತೆಯ ಬಸ್ಸು ಬಂತೋ ಇಲ್ಲವೋ, ಯಾರ ಮಗು ತಪ್ಪಿಸಿಕೊಂಡಿದೆ, ಯಾರ ಮನೆಯಲ್ಲಿ ಸಾವಾಗಿದೆ, ಎಲ್ಲವನ್ನೂ ಊರಿಗೆ ಹೇಳುತ್ತಿದ್ದವಳು ಅವಳು. ಅವಳ ಗಂಟಲಿನಲ್ಲಿ ಗಡ್ಡೆ ಬೆಳೆದು, ಧ್ವನಿಪೆಟ್ಟಿಗೆ ತೆಗೆಯಲೇಬೇಕೆಂದು ಡಾಕ್ಟರು ಹೇಳಿದಾಗ ಅಣ್ಣ ಅಳಲಿಲ್ಲ. ಆಪರೇಷನ್ನಿಗೆ ಮುಂಚಿನ ದಿನಗಳಲ್ಲಿ ಅವಳನ್ನು ಯಂತ್ರದ ಮುಂದೆ ಕೂರಿಸಿ, ಕಾಗುಣಿತದ ಒಂದೊಂದು ದನಿಯನ್ನೂ ಹೇಳಿಸಿ ತುಂಬಿಕೊಂಡ. ಆಮೇಲೆ ಅವಳು ಕೀಲಿಮಣೆಯಲ್ಲಿ ಒತ್ತಿದ್ದನ್ನು ಅವಳದೇ ದನಿಯಲ್ಲಿ ಹೇಳುವ ಪ್ರೋಗ್ರಾಮು ಬರೆದ. ಮೊದಲ ದಿನ ಕಂಬದಿಂದ "ಕೋಟೆ ಬೀದಿಯವರಿಗೆ ಈಗ ನೀರು ಬಿಡುತ್ತಾರೆ" ಎಂದು ಕೇಳಿಸಿದಾಗ ಹೆಂಗಸರು ಕೊಡ ಕೆಳಗಿಟ್ಟು ಕಣ್ಣೊರೆಸಿಕೊಂಡರಂತೆ. ಎರಡು ಮಳೆಗಾಲ ಕಳೆಯುವುದರೊಳಗೆ ಅಣ್ಣ ಜ್ವರದಲ್ಲಿ ಹೋಗಿಬಿಟ್ಟ. ಆ ಸುದ್ದಿಯನ್ನೂ ಊರಿಗೆ ಅತ್ತಿಗೆಯೇ ಹೇಳಿದಳು.

ಅಂದಿನಿಂದ ಅತ್ತಿಗೆಯ ದನಿಯ ಹೊಣೆ ನನ್ನದಾಯಿತು. ಒಂದೇ ಮನೆಯಲ್ಲಿ ನಾವಿಬ್ಬರೇ. ಮನೆಯಲ್ಲಿ ಅವಳು ಸ್ಲೇಟಿನ ಮೇಲೆ ಬಳಪದಿಂದ ಬರೆಯುತ್ತಾಳೆ, ಪುರಸಭೆಯಲ್ಲಿ ಯಂತ್ರದಿಂದ ಮಾತಾಡುತ್ತಾಳೆ. ಯಂತ್ರಗಳು ಹಳತಾದಂತೆ ಅವುಗಳ ನೆನಪಿನ ಜಾಗ ಕಿರಿದಾಗುತ್ತ ಬಂತು. ಎಲ್ಲ ದನಿಗಳೂ ಹಿಡಿಸುತ್ತಿರಲಿಲ್ಲ. ಮೊದಲು ಮಹಾಪ್ರಾಣಗಳನ್ನು ಬಿಟ್ಟೆ. ಊರಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಊರಲ್ಲಿ ಯಾರೂ ಅವನ್ನು ಉಚ್ಚರಿಸುತ್ತಿರಲಿಲ್ಲ. ಮತ್ತೊಂದು ವರ್ಷ, "ಇನ್ನೊಂದು ಬಿಡಲೇಬೇಕು ಅತ್ತಿಗೆ, ಯಾವುದು ಬಿಡ್ಲಿ?" ಎಂದು ಕೇಳಿದೆ. ಅವಳು ಸ್ಲೇಟಿನಲ್ಲಿ ಬರೆದಳು: "ಳ ಬಿಡು. ಲ ಐತಲ್ಲ." ಆ ಹಬ್ಬದಿಂದ ಕಂಬದ ಮೇಲೆ ಮಳೆ ಹೋಗಿ ಮಲೆ ಆಯಿತು, ಬೆಳಗಿನ ನೀರು ಬೆಲಗಿನ ನೀರಾಯಿತು. ಮಕ್ಕಳು ನಕ್ಕರು. ಕೆಲವು ದಿನಗಳಲ್ಲಿ ಮಕ್ಕಳೂ ಹಾಗೇ ಹೇಳತೊಡಗಿ ಶಾಲೆಯಲ್ಲಿ ಪೆಟ್ಟು ತಿಂದರು.

ಈ ಸಲದ ಯುಗಾದಿಗೆ ಬಂದದ್ದು ಅಂಥ ಸಣ್ಣ ಕಷ್ಟವಲ್ಲ. ನಮಗೆ ಹೊರಗಿನ ಊರುಗಳಿಂದ ಹಳೆಯ ಯಂತ್ರ ತಂದುಕೊಡುವವರು ಗುಜರಿ ದಸ್ತಗೀರ್ ಸಾಬರು. ಮುಚ್ಚಿದ ಕಾರ್ಖಾನೆ, ಕಾಲೇಜುಗಳ ಉಗ್ರಾಣದಿಂದ ಎತ್ತಿನಗಾಡಿಯಲ್ಲಿ ಹೇರಿಕೊಂಡು ಬರುತ್ತಾರೆ. ಮಾಘ ಮಾಸದ ಒಂದು ಮಧ್ಯಾಹ್ನ ಅವರು ಗಾಡಿಯಿಂದ ಒಂದು ಬೂದುಬಣ್ಣದ ಪೆಟ್ಟಿಗೆ ಇಳಿಸಿ, ಹೆಗಲ ಮೇಲಿನ ವಲ್ಲಿಯಿಂದ ಬೆವರು ಒರೆಸಿಕೊಂಡು, ಹಿಂದೆಂದೂ ಇಲ್ಲದಂತೆ ನನ್ನ ಮುಖ ನೋಡದೆ ನಿಂತರು.

"ಏನಾಯ್ತು ಸಾಬರೇ?"

"ಎಲ್ಲಾ ಕಡೆ ತಿರುಗಿದೆ ತಾಯಿ. ಆ ವರ್ಷದ್ದು ಅಂದ್ರೆ ಇಂಥಾವೇ ಸಿಗೋದು. ಕಣ್ಣೈತೆ, ಕೈ ಐತೆ. ಬಾಯಿಲ್ಲ."

ಅವರು ಹೇಳಿದ್ದು ನಿಜ. ದನಿ ಹೊರಡಿಸುವ ಭಾಗ ಆ ಕಾಲದ ವರ್ಕ್‌ಸ್ಟೇಷನ್ನುಗಳಿಗೆ ಇನ್ನೂ ಬಂದಿರಲಿಲ್ಲ. ಇದ್ದದ್ದು ಕೀಲಿಮಣೆಯ ಹೊಟ್ಟೆಯೊಳಗಿನ ಒಂದು ಪುಟ್ಟ ಸ್ಪೀಕರು, ತಪ್ಪು ಕೀಲಿ ಒತ್ತಿದರೆ ಟೊಂಯ್ ಎನ್ನುವುದಕ್ಕೆ. ನಾನು ಅದನ್ನು ಒತ್ತಿ ನೋಡಿದೆ. ಟೊಂಯ್ ಎಂದಿತು. ದಸ್ತಗೀರ್ ಸಾಬರು ತಲೆ ತಗ್ಗಿಸಿದರು.

ಸುದ್ದಿ ತಿಳಿದು ಪಕ್ಕದೂರಿನಿಂದ ಅತ್ತಿಗೆಯ ತಂಗಿ ದಾಕ್ಷಾಯಿಣಿ ಬಂದಳು. "ಅಕ್ಕಾ, ನಮ್ಮನೇಗೆ ಬಂದ್ಬಿಡು. ಹುಣಸೆಮರ ದಾಟಿದ್ರೆ ಆಯ್ತು, ಅಂಗೈಯಗಲದ್ದು ಸಿಗ್ತೈತೆ, ಬರೆದಿದ್ದೆಲ್ಲಾ ಹೇಳ್ತೈತೆ. ಳ ಕೂಡ ಹೇಳ್ತೈತೆ," ಎಂದಳು. ಅವಳು ಹೇಳುವುದು ಸರಿಯಾಗಿಯೇ ಇತ್ತು. ಅತ್ತಿಗೆ ತಂಗಿಯ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ಕೈ ತೊಳೆದು ಬಂದು, ಸ್ಲೇಟಿನಲ್ಲಿ ಬರೆದಳು: "ಅಲ್ಲಿ ಯಾರಿಗೆ ಏನ್ ಹೇಳ್ಲಿ? ಅಲ್ಲಿ ಯಾರ ಮನೇಲಿ ಏನಾದ್ರೂ ನಂಗೇನು ಗೊತ್ತು?" ದಾಕ್ಷಾಯಿಣಿ ಸಂಜೆಯ ಬಸ್ಸಿಗೆ ಒಬ್ಬಳೇ ಹೋದಳು.

ಅವಳು ಹೋದಮೇಲೆ ನಾನು ಉತ್ಸಾಹದಿಂದ, "ನಾನು ಏನಾದ್ರೂ ಮಾಡ್ತೀನಿ ಅತ್ತಿಗೆ. ಆ ಟೊಂಯ್ ಅನ್ನೋದನ್ನೇ ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸಿದ್ರೆ ಮಾತಿನ ಆಕಾರ ಬರ್ತೈತೆ," ಎಂದೆ. ಅವಳು ಸ್ಲೇಟು ಒರೆಸಿ ನಿಧಾನವಾಗಿ ಬರೆದಳು: "ಸಾಕು ಮಂಗಳ." ಅದರ ಕೆಳಗೆ ಮತ್ತೆ: "ಪ್ರತಿ ವರ್ಷ ಒಂದೊಂದು ಚೂರು ಕಳಕೊಂಡೆ. ಈಗ ಇರೋದು ನಾನಾ, ನಿಮ್ಮಣ್ಣನ ಮೇಲೆ ನಿನಗಿರೋ ಅಕ್ಕರೆನಾ?"

ನಾನು ಒಲೆಯ ಮುಂದೆ ಕೂತು ಅವರೆಕಾಯಿ ಸುಲಿದೆ. ಅವಳೂ ಬಂದು ಎದುರಿಗೆ ಕೂತು ಸುಲಿದಳು. ಬೊಗಸೆ ತುಂಬಿದ ಮೇಲೆ ನಾನೇ ಹೇಳಿದೆ: "ಎರಡೂ ಇರಬೋದು ಅತ್ತಿಗೆ. ಆದ್ರೆ ನಾನು ಒಂದು ಸಲ ಮಾಡಿ ತೋರಿಸ್ತೀನಿ. ನಿಂದಲ್ಲ ಅಂತ ನೀನು ಹೇಳಿದ್ರೆ ಅಲ್ಲಿಗೆ ಬಿಡ್ತೀನಿ." ಅವಳು ಆಗಲಿ ಎನ್ನಲಿಲ್ಲ, ಬೇಡ ಎಂದೂ ತಲೆಯಾಡಿಸಲಿಲ್ಲ.

ಪುರಸಭೆಯ ಅಧ್ಯಕ್ಷ ತಿಪ್ಪೇಸ್ವಾಮಿ ಕೆಟ್ಟವರಲ್ಲ. ಒಂದು ದಿನ ನನ್ನ ಕೋಣೆಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತರು. "ನೋಡಮ್ಮ, ನೀಲಕ್ಕ ಅಂದ್ರೆ ನಂಗೆ ದೊಡ್ಡಮ್ಮ ಇದ್ದಂಗೆ. ಆದ್ರೆ ನೀರು ಬಿಡೋ ಹೊತ್ತು ಜನಕ್ಕೆ ತಿಳೀಬೇಕಲ್ಲ. ಹಬ್ಬ ಆದ್ಮೇಲೆ ಏನೈತೋ ಕೇಳ್ತೀನಿ. ತಿಳಿಯಂಗಿದ್ರೆ ಸರಿ. ಇಲ್ದಿದ್ರೆ ಬೇರೆಯವ್ರನ್ನ ಕೂರಿಸ್ಬೇಕಾಗ್ತದೆ. ನೀನೇ ಹೇಳು, ನಿಂಗೆ ಬಾಯೈತಲ್ಲ," ಎಂದರು. ಅತ್ತಿಗೆಯ ಕುರ್ಚಿಯಲ್ಲಿ ಕೂರುವುದು ನನ್ನಿಂದಾಗದ ಮಾತು.

ದಸ್ತಗೀರ್ ಸಾಬರು ತಂದ ಯಂತ್ರದಲ್ಲಿ ಇದ್ದದ್ದು ಆಪರೇಟಿಂಗ್ ಸಿಸ್ಟಂನ ಒಂದು ಹಿಂದಿನ ಬಿಡುಗಡೆ. ಅದೇ ನನಗೆ ಬೇಕಾದದ್ದು. ಮುಂದಿನ ಬಿಡುಗಡೆಯಲ್ಲಿ ಪ್ರೋಗ್ರಾಮಿಗೂ ಕೀಲಿಮಣೆಯ ಸ್ಪೀಕರಿಗೂ ನಡುವೆ ಒಂದು ಕಾವಲು ಇಟ್ಟುಬಿಟ್ಟಿದ್ದರು. ಟೊಂಯ್ ಅನ್ನು ಎಂದರೆ ಅನ್ನುತ್ತದೆ, ನೇರವಾಗಿ ಅದನ್ನು ಮುಟ್ಟಲು ಬಿಡುವುದಿಲ್ಲ. ಹಿಂದಿನದರಲ್ಲಿ ಆ ಕಾವಲಿಲ್ಲ. ಆದರೆ ಅದರ ಜೊತೆ ಬರಬೇಕಾಗಿದ್ದ, ಕಂಪೈಲರ್ ತುಂಬಿದ ಟೇಪು ಇರಲಿಲ್ಲ. ನನ್ನ ಕಪಾಟಿನಲ್ಲಿದ್ದದ್ದು ಮುಂದಿನ ಬಿಡುಗಡೆಗೆ ಮಾಡಿದ ಕಂಪೈಲರ್. ಬೇರೆ ದಾರಿ ಕಾಣದೆ ಅದನ್ನೇ ಹಾಕಿದೆ. ಅದು ಎದ್ದಿತು. ಅಣ್ಣನ ಪ್ರೋಗ್ರಾಮನ್ನು ಒಂದೇ ಒಂದು ದೂರಿಲ್ಲದೆ ಇಳಿಸಿಕೊಟ್ಟಿತು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಅತ್ತಿಗೆಯನ್ನು ಕರೆದು ಕೂರಿಸಿದೆ. ಅವಳು ತನ್ನ ಹೆಸರು ಒತ್ತಿದಳು. ಸ್ಪೀಕರಿನಿಂದ ತಗಡಿನ ಮೇಲೆ ಜಲ್ಲಿ ಸುರಿದಂಥ ಸದ್ದು ಬಂತು. ಮತ್ತೆ ಒತ್ತಿದಳು, ಮತ್ತೆ ಜಲ್ಲಿ. ಮೂರನೆಯ ಸಲ ಅವಳು ಒತ್ತಲಿಲ್ಲ. ಎದ್ದು ನಿಂತು ಕಪ್ಪು ಪರದೆಯ ಮೇಲೆ ಬೆರಳಿನಿಂದ, ಧೂಳಿನಲ್ಲಿ ಬರೆದಳು: "ಇದು ನಾನಲ್ಲ."

ಕೊಟ್ಟ ಮಾತಿನಂತೆ ನಾನು ಅಲ್ಲಿಗೆ ಬಿಡಬೇಕಿತ್ತು. ಆದರೆ ತಪ್ಪು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಆ ಕಂಪೈಲರಿಗೆ ಗೊತ್ತಿದ್ದದ್ದು ಮುಂದಿನ ಬಿಡುಗಡೆಯ ಮನೆ. ಗಡಿಯಾರ ಯಾವ ಮೂಲೆಯಲ್ಲಿ, ಸ್ಪೀಕರು ಯಾವ ಗೂಡಿನಲ್ಲಿ ಎಂದು ಅದು ಹೇಳಿದ್ದೆಲ್ಲ ಆ ಮನೆಯ ಲೆಕ್ಕ. ಈ ಯಂತ್ರದೊಳಗಿನ ಮನೆಯಲ್ಲಿ ಗೂಡುಗಳೇ ಬೇರೆ ಕಡೆ ಇದ್ದವು. ಕತ್ತಲಲ್ಲಿ ಬೇರೆಯವರ ಮನೆಗೆ ಹೋಗಿ ಉಪ್ಪಿಗೆ ಕೈ ಹಾಕಿದಂತೆ ಅದು ಎಲ್ಲೆಲ್ಲೋ ಕೈ ಹಾಕುತ್ತಿತ್ತು. ಇದನ್ನು ದಸ್ತಗೀರ್ ಸಾಬರಿಗೆ ಹೇಳಿದೆ. ಅವರಿಗೆ ಮಿಕ್ಕದ್ದು ಎಷ್ಟು ತಿಳಿಯಿತೋ, "ಜೋಡಿ ತಪ್ಪಿದೆ ಅನ್ನು," ಎಂದರು. "ಹೌದು ಸಾಬರೇ, ಜೋಡಿ ತಪ್ಪಿದೆ." ಅವರು ಗಾಡಿಗೆ ಎತ್ತು ಹೂಡಿದರು. ಆ ಯಂತ್ರ ಸಿಕ್ಕ ಕಾಲೇಜು ಹೊಳೆಯಾಚೆ, ಎರಡು ಊರು ದಾಟಿ ಇತ್ತು. ಆ ದಿನಗಳಲ್ಲೇ ಅವರಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತೆಂದು ಅವರ ಮಗಳು ನಸೀಮಾ ಆಮೇಲೆ ಹೇಳಿದಳು. ನನಗೆ ಅವರು ಹೇಳಿರಲಿಲ್ಲ.

ಅವರು ಹಿಂತಿರುಗಿದ್ದು ಹೋಳಿಯ ಬಣ್ಣ ಇನ್ನೂ ಬೀದಿಯಲ್ಲಿರುವಾಗ. ಟವೆಲಿನಲ್ಲಿ ಸುತ್ತಿದ ಟೇಪನ್ನು ಮಗುವಿನಂತೆ ಎದೆಗೊತ್ತಿಕೊಂಡು ತಂದರು. ಲೇಬಲ್ಲಿನ ಮೇಲಿನ ಸಂಖ್ಯೆ ಯಂತ್ರದ ಬಿಡುಗಡೆಯ ಸಂಖ್ಯೆಗೆ ಸರಿಯಾಗಿತ್ತು. ಆದರೆ ಉಗ್ರಾಣದ ತೇವಕ್ಕೆ ಟೇಪಿನ ಸುರುಳಿ ಬೆಲ್ಲದ ಪಾಕದಂತೆ ಅಂಟಾಗಿತ್ತು. ಹಾಗೇ ಓಡಿಸಿದರೆ ಕಿತ್ತುಬರುತ್ತಿತ್ತು. ಅಂಥದ್ದನ್ನು ಹದವಾದ ಬಿಸಿಯಲ್ಲಿ ಬಹಳ ಹೊತ್ತು ಇಟ್ಟರೆ ಅಂಟು ಬಿಡುತ್ತದೆ, ಒಂದೆರಡು ಸಲ ಓದುವಷ್ಟು ಕಾಲ. ನಸೀಮಾ ಬೇಕರಿ ನಡೆಸುತ್ತಾಳೆ. ಬೆಳಗಿನ ಬ್ರೆಡ್ಡು ತೆಗೆದಮೇಲೆ ಒಲೆಯ ಬಿಸಿ ಇಳಿಯುವುದನ್ನು ಕೈಯೊಡ್ಡಿ ನೋಡುತ್ತ, "ಈಗ ಬೇಡ ಅಕ್ಕ... ಈಗ ಬೇಡ... ಹ್ಞಾ, ಈಗ ಇಡಿ," ಎಂದಳು. ನಾವು ಮೂವರೂ ಒಲೆಯ ಮುಂದೆ ಬೆಂಚಿನ ಮೇಲೆ ಕೂತು ಕಾದೆವು. ದಸ್ತಗೀರ್ ಸಾಬರು ಗೋಡೆಗೊರಗಿ ಕಣ್ಣುಮುಚ್ಚಿದ್ದರು. ಟೇಪು ಒಮ್ಮೆ ಪೂರ್ತಿ ಓದಿಸಿಕೊಂಡಿತು. ಎರಡನೆಯ ಸಲ ತುಂಡಾಯಿತು. ಒಮ್ಮೆ ಸಾಕಾಗಿತ್ತು.

ಸರಿಯಾದ ಕಂಪೈಲರ್ ಸಿಕ್ಕಿತೆಂದು ಹಿಗ್ಗಿದ್ದು ಸ್ವಲ್ಪ ಹೊತ್ತು. ಅದಕ್ಕೆ ಅಣ್ಣನ ಬರವಣಿಗೆ ತಿಳಿಯಲಿಲ್ಲ. ಅವನು ಬರೆದದ್ದು ಹೊಸ ರೀತಿ; ಇದಕ್ಕೆ ಗೊತ್ತಿದ್ದದ್ದು ಹಳೆಯ ರೀತಿ. ಅದನ್ನು ತಿದ್ದಬಹುದು, ಪ್ರತಿ ವರ್ಷವೂ ಅಷ್ಟಿಷ್ಟು ತಿದ್ದಿದವಳೇ. ಆದರೆ ತಿದ್ದಿದ ಮೇಲೂ ಅದು ಒಂದೇ ದೂರು ಹೇಳಿತು, ಸಾಲು ಸಾಲಿಗೂ: ಈ ಹೆಸರು ಆಗಲೇ ಇದೆ, ಈ ಹೆಸರು ಆಗಲೇ ಇದೆ. ಪ್ರೋಗ್ರಾಮಿನ ಒಂದೊಂದು ಕೆಲಸಕ್ಕೂ ಒಂದೊಂದು ಹೆಸರಿರುತ್ತದೆ. ಆ ಹಳೆಯ ಕಂಪೈಲರ್ ಹೆಸರಿನ ಮೊದಲ ಎಂಟು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಓದುತ್ತದೆ, ಮಿಕ್ಕದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಣ್ಣ ತನ್ನ ಪ್ರೋಗ್ರಾಮಿನ ಎಲ್ಲ ಹೆಸರುಗಳನ್ನೂ ನೀಲಾಂಬಿಕೆ ಎಂದೇ ಶುರುಮಾಡಿದ್ದ. ಇಂಗ್ಲಿಷಿನಲ್ಲಿ ಬರೆದರೆ ಎಂಟನೆಯ ಅಕ್ಷರಕ್ಕೆ ನೀಲಾಂಬಿ ಎಂಬಲ್ಲಿಗೆ ಬರುತ್ತದೆ. ಯಂತ್ರಕ್ಕೆ ಎಲ್ಲವೂ ನೀಲಾಂಬಿ, ನೀಲಾಂಬಿ, ನೀಲಾಂಬಿ ಎಂದೇ ಕಾಣುತ್ತಿದ್ದವು.

ನಾನು ವರ್ಷವರ್ಷವೂ ನೋಡುತ್ತಿದ್ದ ಹೆಸರುಗಳವು. ಅಣ್ಣನ ಅಭ್ಯಾಸ ಎಂದುಕೊಂಡು ಸುಮ್ಮನಿದ್ದೆ; ಅತ್ತಿಗೆಗೆ ಹೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅವತ್ತು ಅವಳು ಮಧ್ಯಾಹ್ನದ ಬುತ್ತಿ ತಂದು, ನನ್ನ ಬೆನ್ನ ಹಿಂದೆ ನಿಂತು ಪರದೆ ನೋಡಿದಳು. ನನ್ನ ಭುಜ ತಟ್ಟಿ, ಬೆರಳಿಟ್ಟು ತೋರಿಸಿದಳು. ಇದೇನು?

"ನಿನ್ನ ಹೆಸರೇ ಅತ್ತಿಗೆ. ಎಲ್ಲಾದಕ್ಕೂ ಮುಂದೆ ಅದನ್ನೇ ಇಟ್ಟಿದಾನೆ. ಈಗ ಅದೇ ಕಷ್ಟ ಆಗಿರೋದು. ತೆಗೀಬೇಕು."

ಅವಳು ಬುತ್ತಿ ಕೆಳಗಿಟ್ಟಳು. ಓದು ಎಂದು ಸನ್ನೆ ಮಾಡಿದಳು. ನಾನು ಓದಿದೆ. ನೀಲಾಂಬಿಕೆ ಉಸಿರು ತಗೋ. ನೀಲಾಂಬಿಕೆ ತುಟಿ ಮುಚ್ಚು. ನೀಲಾಂಬಿಕೆ ತುಟಿ ಬಿಡು. ನೀಲಾಂಬಿಕೆ ನಾಲಗೆ ಮೇಲೆ. ನೀಲಾಂಬಿಕೆ ಇಲ್ಲಿ ನಿಲ್ಲು. ನೀಲಾಂಬಿಕೆ ಸ್ವಲ್ಪ ನೀರು ಕುಡಿ. ನೀಲಾಂಬಿಕೆ ಈಗ ಹೇಳು. ಓದುತ್ತ ಓದುತ್ತ ನನಗೆ ಅಣ್ಣ ಕಂಡ; ಆಪರೇಷನ್ನಿಗೆ ಮುಂಚೆ ಅವಳನ್ನು ಕೂರಿಸಿಕೊಂಡು ದನಿ ತುಂಬಿಕೊಳ್ಳುವಾಗ ಅವನು ಆಡಿದ ಮಾತುಗಳೇ ಇವು. ಅವನ್ನೇ ಹೆಸರು ಮಾಡಿ ಇಟ್ಟಿದ್ದ. "ನೀರು ಕುಡಿ" ಎಂಬುದು ಪ್ರೋಗ್ರಾಮಿನಲ್ಲಿ ಎರಡು ವಾಕ್ಯಗಳ ನಡುವಿನ ಬಿಡುವಾಗಿತ್ತು. ಅತ್ತಿಗೆಯ ಭುಜಗಳು ಅಲುಗುತ್ತಿದ್ದವು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಸದ್ದಿಲ್ಲದವಳಲ್ಲಿ ತಿಳಿಯುವುದು ಕಷ್ಟ. ತಿರುಗಿ ನೋಡಿದರೆ ಎರಡೂ ಇತ್ತು.

ಮುಖ ತೊಳೆದು ಬಂದು ಸ್ಲೇಟಿನಲ್ಲಿ ಬರೆದಳು: "ನಂಗೆ ಗೊತ್ತೇ ಇರ್ಲಿಲ್ಲ." ಒರೆಸಿ, ಮತ್ತೆ: "ನಾನೇ ತೆಗೀತೀನಿ. ಹೆಂಗೆ ಅಂತ ತೋರಿಸು."

ಹಾಗೆ ಅವಳ ಹೆಸರನ್ನು ಅವಳೇ ತೆಗೆದಳು. ನಾನು ಪಕ್ಕದಲ್ಲಿ ಕೂತು ಕೀಲಿಗಳನ್ನು ತೋರಿಸಿದೆ. ಅವಸರ ಮಾಡಲಿಲ್ಲ, ಒಂದೊಂದು ಹೆಸರನ್ನೂ ಪೂರ್ತಿ ಓದಿಕೊಂಡು, ಆಮೇಲೆ ತನ್ನನ್ನು ಅಳಿಸಿ, ಮಿಕ್ಕದ್ದನ್ನು ಉಳಿಸುತ್ತ ಹೋದಳು. ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ಅವಳು ಸಾಕು ಎಂದು ಒಮ್ಮೆಯೂ ಬರೆಯಲಿಲ್ಲ. ಎಲ್ಲ ಮುಗಿದಾಗ ಕಂಪೈಲರಿಗೆ ಹೇಳಲು ದೂರು ಉಳಿದಿರಲಿಲ್ಲ. ಅವಳು ಮೊದಲ ಮಾತಾಗಿ ಏನು ಒತ್ತುತ್ತಾಳೋ ಎಂದು ಕಾದೆ. "ಮಂಗಲ, ಊಟ ಮಾಡು," ಎಂದಿತು ಯಂತ್ರ. ಹಾಗೆಂದಿತು ಎಂದು ನನಗೆ ಗೊತ್ತು. ಬೇರೆಯವರಿಗೆ ಅದು ಬೆಂಕಿಪೊಟ್ಟಣದಲ್ಲಿ ಸಿಕ್ಕಿಬಿದ್ದ ದುಂಬಿಯ ಸದ್ದು. ಆದರೆ ದುಂಬಿ ಎಲ್ಲಿ ಏರಬೇಕೋ ಅಲ್ಲಿ ಏರುತ್ತಿತ್ತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು. ಮಂಗಳ ಎನ್ನುವಾಗ ಕೊನೆಯನ್ನು ಸ್ವಲ್ಪ ಎಳೆಯುವುದು ಅತ್ತಿಗೆಯ ರೂಢಿ, ಅದೂ ಇತ್ತು. ನಾನು ಅವಳ ಮುಖ ನೋಡಿದೆ. ಅವಳು ಹೌದೆಂದು ತಲೆಯಾಡಿಸಿದಳು.

ಯುಗಾದಿಯ ದಿನ ಅಲ್ಲಿಯವರೆಗಿನ ಯಂತ್ರ ಸುಮ್ಮನಾಯಿತು. ಹೊಸದಾಗಿ ಬಂದ ಹಳೆಯದರಿಂದ ಅತ್ತಿಗೆ ಊರಿಗೆ ಹಬ್ಬದ ಶುಭಾಶಯ ಹೇಳಿದಳು. ಸರ್ಕಲ್ಲಿನಲ್ಲಿ ನಿಂತು ಕೇಳಿದೆ. ಜನ ಕಂಬದ ಕಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ, "ಕರೆಂಟು ಏರುಪೇರಾಗಿರ್ಬೇಕು," ಎಂದಳು. ಮಾರನೆಯ ದಿನ ಕುಂಬಾರ ಕೇರಿಯವರಿಗೆ ನೀರಿನ ಹೊತ್ತು ತಿಳಿಯದೆ ತೊಟ್ಟಿಗಳು ಬರಿದಾಗೇ ಉಳಿದವು. ಕೊಡ ಹಿಡಿದು ಪುರಸಭೆಗೆ ಬಂದವರು ಅತ್ತಿಗೆಯನ್ನು ಕಂಡು ಏನೂ ಹೇಳದೆ ಹಿಂದಕ್ಕೆ ಹೋದರು. ಬೈದಿದ್ದರೆ ವಾಸಿಯಿತ್ತು. ತಿಪ್ಪೇಸ್ವಾಮಿ ಬಾಗಿಲಲ್ಲಿ ನಿಂತು, "ಈ ವಾರ ಕಳೀಲಿ," ಎಂದಷ್ಟೇ ಹೇಳಿ ಹೋದರು.

ಆ ವಾರ ಕಳೆಯುವುದಕ್ಕೆ ಮುಂಚೆ, ಒಂದು ಬೆಳಿಗ್ಗೆ, ನಸೀಮಾ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದಳು. ಕೈಯಲ್ಲಿ ಇನ್ನೂ ಮೈದಾಹಿಟ್ಟು ಇತ್ತು. "ಅಬ್ಬಾ ಹೋದ್ರು ಅಕ್ಕ. ಚಾ ಕುಡೀತಾ ಇದ್ರು, ಲೋಟ ಕೆಳಗಿಟ್ರು, ಅಷ್ಟೇ," ಎಂದಳು. ನಾನು ಅವಳನ್ನು ಹಿಡಿದುಕೊಂಡೆ. ಅವಳು ನನ್ನನ್ನು ಬಿಡಿಸಿಕೊಂಡು ಅತ್ತಿಗೆಯ ಮುಂದೆ ಹೋಗಿ ನಿಂತಳು.

"ಮಸೀದೀಲಿ ಹೇಳಿದಾರೆ ನೀಲಕ್ಕ. ನಮ್ಮೋರಿಗೆಲ್ಲಾ ಗೊತ್ತಾಯ್ತು. ಆದ್ರೆ ಅಬ್ಬಾ ಊರಿಗೆಲ್ಲಾ ಬೇಕಾದೋರು. ಊರಿಗೆ ನೀವು ಹೇಳ್ಬೇಕು."

ನಾನು ಮೆಲ್ಲಗೆ, "ನಸೀಮಾ, ಜನಕ್ಕೆ ತಿಳಿಯಲ್ಲಮ್ಮ. ಬೇಕಾದ್ರೆ ನಾನು ಮೈಕಿನಲ್ಲಿ..." ಎಂದೆ.

"ಬೇಡ," ಎಂದಳು ನಸೀಮಾ. "ಅಬ್ಬಾ ಆ ಟೇಪು ತಂದಿದ್ದು ನೀವು ಹೇಳ್ಲಿ ಅಂತ ಅಲ್ಲ ಅಕ್ಕ."

ಅತ್ತಿಗೆ ಆಗಲೇ ಕುರ್ಚಿಯಲ್ಲಿ ಕೂತಿದ್ದಳು. ಮೈಕನ್ನು ಕೀಲಿಮಣೆಯ ಪಕ್ಕಕ್ಕೆ ಎಳೆದು, ಸೆರಗಿನಿಂದ ಅದರ ಧೂಳು ಒರೆಸಿದಳು. ಅವಳ ಬೆರಳುಗಳು ತಪ್ಪದೆ ಕೀಲಿ ಒತ್ತಿದವು. ಕೋಟೆ ಬೀದಿಯ ಗುಜರಿ ದಸ್ತಗೀರ್ ಸಾಬರು ಇಂದು ಬೆಳಿಗ್ಗೆ ತೀರಿಕೊಂಡರು. ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣು. ಬರುವವರು ಬರಬೇಕು. ದುಂಬಿ ಹಾಡಿತು, ನಿಂತಿತು, ಹಾಡಿತು. ಕಿಟಕಿಯಾಚೆ ಕಂಬದ ಮೇಲಿನಿಂದ ಅದೇ ಸದ್ದು ಒಂದು ಗಳಿಗೆ ತಡವಾಗಿ ಬಂತು. ಅತ್ತಿಗೆ ಅದನ್ನೇ ಮತ್ತೊಮ್ಮೆ ಹೇಳಿದಳು, ರೂಢಿಯಂತೆ. ನಸೀಮಾ ಕಣ್ಣುಮುಚ್ಚಿ ಎರಡೂ ಸಲ ಕೇಳಿ, ಹೊರಟುಹೋದಳು.

ನಾವಿಬ್ಬರೂ ಬಾಗಿಲಿಗೆ ಬೀಗ ಹಾಕಿ ಕೋಟೆ ಬೀದಿಗೆ ನಡೆದೆವು. ನನಗೆ ದಾರಿಯುದ್ದಕ್ಕೂ ಒಂದೇ ಭಯ: ಬೀದಿ ಬರಿದಾಗಿದ್ದರೆ ಅತ್ತಿಗೆ ಏನು ಮಾಡುತ್ತಾಳೆ? ತಿರುವಿನಲ್ಲಿ ಅವಳ ಕೈ ಹಿಡಿದುಕೊಂಡೆ. ತಿರುವು ದಾಟಿದ ಮೇಲೆ ಕೈ ಬಿಡಬೇಕಾಯಿತು, ಏಕೆಂದರೆ ಇಬ್ಬರು ಜೊತೆಯಾಗಿ ನಡೆಯುವಷ್ಟು ಜಾಗ ಇರಲಿಲ್ಲ. ನೇಕಾರರು ಬಂದಿದ್ದರು, ಸಂತೆಯ ಹೂವಿನವರು ಬಂದಿದ್ದರು, ಆಸ್ಪತ್ರೆಯ ದಾದಿಯರು ಇಬ್ಬರು ಸಮವಸ್ತ್ರದಲ್ಲೇ ನಿಂತಿದ್ದರು. ಬೇಕರಿಯ ಬೆಂಚುಗಳನ್ನು ಯಾರೋ ಹೊರಗೆ ತಂದು ಹಾಕಿದ್ದರು. ನೀರಿಲ್ಲದೆ ವಾಪಸ್ಸು ಹೋಗಿದ್ದ ಕುಂಬಾರ ಕೇರಿಯವರು ಒಟ್ಟಾಗಿ ಒಂದು ಕಡೆ ಕೂತಿದ್ದರು. ಅವರ ಹಿರಿಯ ಓಬಯ್ಯನ ಪಕ್ಕಕ್ಕೆ ಹೋಗಿ ಕೂತೆ.

"ಓಬಯ್ಯ, ಕಂಬದಲ್ಲಿ ಹೇಳಿದ್ದು ನಿಂಗೆ ತಿಳೀತಾ?"

"ಎಲ್ಲಿ ತಿಳೀತೈತವ್ವಾ. ಗುಂಯ್ ಗುಂಯ್ ಅಂತಿತ್ತು."

"ಮತ್ತೆ ಹೆಂಗ್ ಬಂದ್ರಿ?"

ಅವನು ನನ್ನನ್ನು ಸಣ್ಣ ಮಗುವನ್ನು ನೋಡುವಂತೆ ನೋಡಿದ. "ನೀಲಕ್ಕ ನೀರಿಗೆ ಒಂಥರ ಹೇಳ್ತಾಳೆ, ಬಸ್ಸಿಗೆ ಒಂಥರ ಹೇಳ್ತಾಳೆ. ಸಾವಿಗೆ ಒಂದೊಂದು ಮಾತಿಗೂ ನಿಂತು ನಿಂತು ಹೇಳ್ತಾಳೆ. ಯಾರೋ ಹೋಗವ್ರೆ ಅಂತ ಗೊತ್ತಾಯ್ತು. ಚಕ್ರ ನಿಲ್ಸಿ ಎದ್ವಿ. ಯಾರ ಮನೆ, ಯಾರ ಮನೆ ಅಂತ ಕೇಳ್ಕೊಂಡ್ ಬಂದ್ವಿ. ಮೊದ್ಲು ತಪ್ಪಿ ಮಠದ ಬೀದಿಗೆ ಹೋಗಿದ್ವಿ, ಅಲ್ಲಿ ನಾವು ಹೋಗವ್ನೆ ಅಂದ್ಕೊಂಡಿದ್ದ ಮುದುಕಪ್ಪ ರೊಟ್ಟಿ ತಿಂತಾ ಕುಂತಿದ್ದ. ಅವನೂ ಎದ್ದು ನಮ್ ಜೊತೇಲೇ ಬಂದ."

ಮಧ್ಯಾಹ್ನದ ನಮಾಜಾದ ಮೇಲೆ ದಸ್ತಗೀರ್ ಸಾಬರನ್ನು ಹೊತ್ತರು. ಹೆಗಲು ಕೊಡಲು ಬಂದವರ ಸಾಲು ಬೇಕರಿಯಿಂದ ಕೋಟೆಯ ಬಾಗಿಲವರೆಗೆ ಇತ್ತು. ತಿಪ್ಪೇಸ್ವಾಮಿಯೂ ತಲೆಗೆ ಕರವಸ್ತ್ರ ಕಟ್ಟಿಕೊಂಡು ಅದರಲ್ಲಿ ನಿಂತಿದ್ದರು. ನಮ್ಮನ್ನು ಕಂಡರು, ಅತ್ತಿಗೆಗೆ ಕೈ ಮುಗಿದರು. ಯಂತ್ರದ ಮಾತನ್ನು ಅವರು ಆಮೇಲೆ ಎತ್ತಲೇ ಇಲ್ಲ. ಹೆಂಗಸರು ನಸೀಮಾಳ ಸುತ್ತ ಕೂತೆವು. ಅತ್ತಿಗೆ ಅವಳ ಕೈಯ ಹಿಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ಬಹಳ ಹೊತ್ತು ಕೂತಿದ್ದಳು.

ಸಂಜೆ ಮನೆಗೆ ಬಂದು, ಸ್ನಾನ ಮಾಡಿ, ಒಲೆ ಹಚ್ಚಿದೆವು. ನಾನು ಹೇಳಿದೆ: "ಇನ್ನಷ್ಟು ತಿದ್ದಿದ್ರೆ ನೀರಿನ ಹೊತ್ತೂ ತಿಳಿಯಂಗೆ ಮಾಡಬೋದು ಅತ್ತಿಗೆ." ಅವಳು ಬೇಡವೆಂದು ತಲೆಯಾಡಿಸಿ, ಸ್ಲೇಟು ತೆಗೆದುಕೊಂಡಳು. ಬರೆದದ್ದನ್ನು ನನ್ನ ಕಡೆ ತಿರುಗಿಸಿದಳು: "ನೀರು, ಬಸ್ಸು, ಸಂತೆ ನಾಳೆಯಿಂದ ನೀನು ಹೇಳು. ಸಾವು ನಂಗಿರ್ಲಿ."

"ನಿನ್ನ ಕುರ್ಚೀಲಿ ನಾನು ಕೂರಲ್ಲ."

ಅವಳು ಒರೆಸಿ ಬರೆದಳು: "ಇನ್ನೊಂದು ಕುರ್ಚಿ ಹಾಕು."

ಮಾರನೆಯ ಬೆಳಿಗ್ಗೆ ಮುಂಕೋಣೆಯಲ್ಲಿ ಇನ್ನೊಂದು ಕುರ್ಚಿ ಹಾಕಿದೆ. ಮೈಕಿನ ಗುಂಡಿ ಒತ್ತಿ, ಕುಂಬಾರ ಕೇರಿಯವರಿಗೆ ಈಗ ನೀರು ಬಿಡುತ್ತಾರೆ, ಅದು ನಿಂತಮೇಲೆ ಕೋಟೆ ಬೀದಿಗೆ ಎಂದು ಹೇಳಿದೆ. ನನ್ನ ದನಿ ಕಿಟಕಿಯಾಚೆಯಿಂದ ನನಗೇ ಮರಳಿ ಬಂತು, ಒರಟಾಗಿ, ಯಾರೋ ಬೇರೆಯವರದೆಂಬಂತೆ. ಅತ್ತಿಗೆ ಎದ್ದುಹೋಗಿ ಮಡಕೆಯಿಂದ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು. ನಾನು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದು, ಆಮೇಲೆ ತನ್ನ ಯಂತ್ರದ ಮುಂದೆ ಕೂತು, ಬೆಳಕು ಬೀಳುವಂತೆ ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದಳು.